ಮನೆಯ ತೊಲೆ ಹೊಲದ ಬದುವಿನಲ್ಲೇ ಬೆಳೆಯಲಿ

ಆಂಧ್ರದ ರಾಯದುರ್ಗ, ಮಡಕಶಿರಾ ಸೀಮೆಯ ಹಳ್ಳಿಗಳಲ್ಲಿ ಹಳೆಯ ಮಾಳಿಗೆ ಮನೆಗಳನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟುವುದು ಅಭಿವೃದ್ಧಿಯ ಗುರುತಾಗಿದೆ. ಮಾಳಿಗೆ ಮನೆಯೆಂದರೆ ಮರದ ಕಂಬ, ಅದರ ಮೇಲೆ ತೊಲೆ, ಜಂತೆ, ಮೇಲೆ ದಪ್ಪಗೆ ಬಡಿದ ಚೌಳು ಮಣ್ಣು. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ಬಿಸಿಲ ನಾಡಿಗೆ ಹೇಳಿ ಮಾಡಿಸಿದ ಕಟ್ಟಡ ಇದು. ಆದರೂ ಸರ್ಕಾರಿ ಲೆಕ್ಕದಲ್ಲಿ ಮಣ್ಣು, ಮರದ ಮಾಡು ಎಂದರೆ ‘ಕಚ್ಚಾ’. ಈ ಲೆಕ್ಕ ಬದಲಾಗಬೇಕು. ಒಣಗಿದ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಇಂಗಾಲ. ತೊಲೆ ಗಟ್ಟಿಯಾಗಿರುವಷ್ಟು ಕಾಲ ಆ ಇಂಗಾಲ ಗಾಳಿಗೆ ಸೇರುವುದಿಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಾದರೋ ಸಿಮೆಂಟಿನ ಪಾಲು ಶೇ 8ರ ಆಸುಪಾಸು. ಮಾಳಿಗೆ ಬಿಚ್ಚಿದರೆ ಗಟ್ಟಿ ತೊಲೆ ಇನ್ನೊಂದು ಮನೆಗೆ ಆಗುತ್ತದೆ. ಒಡೆದ ಕಾಂಕ್ರೀಟು ಮತ್ತೆ ತಾರಸಿಯಾಗುವುದಿಲ್ಲ.

ಮರವೇ ಇಲ್ಲದ ಸೀಮೆಯಲ್ಲಿ ಮರದ ಮನೆಯ ಮಾತೇಕೆ ಎಂಬ ಆಕ್ಷೇಪ ದೊಡ್ಡದು. ಕಣೇಕಲ್ಲು, ಬೊಮ್ಮನಹಾಳ್ ಕಡೆ ಹಗರಿ ನದಿಯ ಮರಳು ಹೊಲಗಳಿಗೆ ನುಗ್ಗುತ್ತಿರುವಾಗ ಇರುವ ಮರಕ್ಕೆ ಕೊಡಲಿ ಹಾಕುವುದು ಖಂಡಿತ ತಪ್ಪು. ಕಾಡಿನ ಮರವನ್ನಂತೂ ಮುಟ್ಟಲೇಬಾರದು. ಆದರೆ ಬೆಲೆಯಿಲ್ಲದ ಮರವನ್ನು ರೈತ ನೆಡುವುದಿಲ್ಲ. ಕಾಗದದ ಕಾರ್ಖಾನೆಗಳು ಕೊಳ್ಳುತ್ತವೆ ಎಂದಾಗ ಇದೇ ಆಂಧ್ರದ ರೈತರು ಸುಬಾಬುಲ್, ನೀಲಗಿರಿಯನ್ನು ಹೊಲದಲ್ಲೇ ಬೆಳೆದರು. ಬೇವು, ಕರಿಜಾಲಿಗೂ ಅಂಥ ಬೇಡಿಕೆ ಬಂದರೆ ಬದುಗಳು ಹಸಿರಾಗುತ್ತವೆ, ಗಾಳಿಗೆ ತಡೆಯೂ ಆಗುತ್ತದೆ. ಮರ ಬಲಿಯಲು ದಶಕಗಳೇ ಬೇಕು ನಿಜ. ಅಲ್ಲಿಯವರೆಗೆ ಕೆಡವಿದ ಮನೆಗಳ ತೊಲೆ, ಕಂಬಗಳು ಸೌದೆಯಾಗದಂತೆ ನೋಡಿಕೊಂಡರೂ ಸಾಕಷ್ಟಾಯಿತು.

ಗೆದ್ದಲು, ಸೋರಿಕೆ, ವರ್ಷವರ್ಷ ಮಣ್ಣು ಹಾಕುವ ಕೂಲಿ ಇವೂ ನಿಜವಾದ ಕಷ್ಟಗಳೇ. ಜಡಿಮಳೆಗೆ ನೆನೆದು ಭಾರವಾದ ಮಾಳಿಗೆ ಕುಸಿದು ಜೀವ ಹೋಗುವ ಅಪಾಯವನ್ನು ಯಾರೂ ಹಗುರಾಗಿ ಕಾಣಬಾರದು. ಹಳೆಯದನ್ನು ಇದ್ದ ಹಾಗೇ ಉಳಿಸಿ ಎಂಬುದು ಇಲ್ಲಿನ ವಾದವಲ್ಲ. ಕಂಬದಡಿ ಕಲ್ಲು, ಮರಕ್ಕೆ ಗೆದ್ದಲು ತಡೆಯುವ ಉಪಚಾರ, ಭಾರದ ಮಣ್ಣಿನ ಬದಲು ಜಂತೆಯ ಮೇಲೆ ಇಳಿಜಾರಾಗಿ ಹೆಂಚು: ಇಷ್ಟಾದರೆ ಭಾರ ಇಳಿಯುತ್ತದೆ, ನೀರು ನಿಲ್ಲುವುದಿಲ್ಲ. ಕೇಂದ್ರ ಲೋಕೋಪಯೋಗಿ ಇಲಾಖೆಯೇ 1993ರಲ್ಲಿ ತನ್ನ ಕಟ್ಟಡಗಳಲ್ಲಿ ಮರಕ್ಕೆ ಹಾಕಿದ್ದ ನಿಷೇಧವನ್ನು 2020ರಲ್ಲಿ ತೆಗೆದಿದೆ. ಅದಕ್ಕೂ ಮೊದಲೇ, 2014ರಲ್ಲಿ, ದೇಶಕ್ಕೊಂದು ಕೃಷಿ ಅರಣ್ಯ ನೀತಿಯೂ ಬಂದಿದೆ. ಇವೆರಡನ್ನೂ ಹಳ್ಳಿಯ ವಸತಿ ಯೋಜನೆಗೆ ಜೋಡಿಸುವುದೇ ಉಳಿದ ಕೆಲಸ. ಸುರಕ್ಷಿತವಾಗಿ ಕಟ್ಟಿದ ಮರದ ಮನೆಗೂ ಪಕ್ಕಾ ಮನೆಯಷ್ಟೇ ಸಹಾಯಧನ ಸಿಗಲಿ. ಬದುವಿನಲ್ಲಿ ಬೆಳೆದ ಮರ ಕಡಿದು ಸಾಗಿಸಲು ರೈತ ಕಚೇರಿ ಅಲೆಯುವುದು ತಪ್ಪಲಿ. ಹಾಗಾದರೆ ಮಾತ್ರ ಇಂದು ಸಸಿ ನೆಡುವವನಿಗೆ ಅದರಿಂದ ಮನೆ ಕಟ್ಟಬಹುದೆಂಬ ನಂಬಿಕೆ ಬಂದೀತು.