ಅರಮನೆಯ ಕೈತೋಟದಲ್ಲಿ ಎದ್ದ ಕುಬೇರರ ಬೀದಿ
ಲಂಡನ್ನಿನ ಕೆನ್ಸಿಂಗ್ಟನ್ ಪ್ಯಾಲೆಸ್ ಗಾರ್ಡನ್ಸ್ ಬೀದಿಯ ಎರಡೂ ತುದಿಗೆ ಗೇಟು, ಗೇಟಿಗೆ ಪಹರೆ. ನಡೆದು ಹೋಗುವವರಿಗೆ ಅಡ್ಡಿಯಿಲ್ಲ. ಫೋಟೊ ತೆಗೆಯಹೊರಟರೆ ಮಾತ್ರ ಕಾವಲಿನವರು ಗದರುತ್ತಾರೆ. ಇಂದು ಜಗತ್ತಿನ ಅತಿ ದುಬಾರಿ ವಿಳಾಸಗಳಲ್ಲೊಂದಾದ ಇಲ್ಲಿ ಹಿಂದೆ ಕೆನ್ಸಿಂಗ್ಟನ್ ಅರಮನೆಯ ಅಡುಗೆಮನೆಗೆ ತರಕಾರಿ ಬೆಳೆಯುತ್ತಿದ್ದರು. 1840ರ ದಶಕದಲ್ಲಿ ಆ ತೋಟವನ್ನು ನಿವೇಶನಗಳಾಗಿಸಿ ದೀರ್ಘಾವಧಿಯ ಗುತ್ತಿಗೆಗೆ ಬಿಟ್ಟರು. ಗಮ್ಮತ್ತೆಂದರೆ, ಆಗ ಗಿರಾಕಿಗಳೇ ಸಾಲದು! ಬಹಳಷ್ಟು ನಿವೇಶನ ಹಿಡಿದು ಮನೆ ಕಟ್ಟಹೊರಟ ಬ್ಲಾಶ್‌ಫೀಲ್ಡ್ ಎಂಬಾತ 1847ರಲ್ಲಿ ದಿವಾಳಿಯೆದ್ದ. ರಿಯಲ್ ಎಸ್ಟೇಟಿನ ಜಾತಕ ಆಗಲೂ ಹೀಗೇ. ಆಮೇಲೆ ರೈಲು ಗುತ್ತಿಗೆದಾರರು, ವರ್ತಕರು, ಸುದ್ದಿಸಂಸ್ಥೆ ಕಟ್ಟಿದ ರಾಯಿಟರ್ ಬಂದು ನೆಲೆಸಿದರು. ಆಳುಕಾಳು ಇಟ್ಟು ಇಷ್ಟು ದೊಡ್ಡ ಮನೆ ಸಾಕುವುದು ಕಷ್ಟವಾದ ಕಾಲಕ್ಕೆ ರಾಯಭಾರ ಕಚೇರಿಗಳು ಒಳಬಂದವು. ಭಾರತದ ಹೈಕಮಿಷನರ್ ಅವರ ನಿವಾಸವೂ ಇಲ್ಲೇ ಇದೆ. ಎರಡನೇ ಮಹಾಯುದ್ಧದ ಅಧ್ಯಾಯವನ್ನು ಮಾತ್ರ ಬೀದಿ ಹೆಮ್ಮೆಯಿಂದ ಹೇಳಿಕೊಳ್ಳುವಂತಿಲ್ಲ. 6ರಿಂದ 8ನೇ ಸಂಖ್ಯೆಯ ಮನೆಗಳು ಆಗ ‘ಲಂಡನ್ ಕೇಜ್’, ಅಂದರೆ ಜರ್ಮನ್ ಕೈದಿಗಳ ವಿಚಾರಣಾ ಕೇಂದ್ರ. ಅಲ್ಲಿ ಚಿತ್ರಹಿಂಸೆ ನಡೆಯಿತೆಂಬ ಆರೋಪಗಳಿವೆ. ಅದರ ಮುಖ್ಯಸ್ಥ ಅಲೆಕ್ಸಾಂಡರ್ ಸ್ಕಾಟ್‌ಲೆಂಡ್ ಬರೆದ ನೆನಪುಗಳು ಸರ್ಕಾರದ ಕತ್ತರಿ ಪ್ರಯೋಗವಾದ ಮೇಲಷ್ಟೇ 1957ರಲ್ಲಿ ಅಚ್ಚಾದವು. ಮುಂದೆ ಕುಬೇರರು ಮತ್ತೆ ಇತ್ತ ಮುಖ ಮಾಡಿದರು. ಉಕ್ಕಿನ ಉದ್ಯಮಿ ಲಕ್ಷ್ಮಿ ಮಿತ್ತಲ್ 2004ರಲ್ಲಿ ಸುಮಾರು 5.7 ಕೋಟಿ ಪೌಂಡ್ ಕೊಟ್ಟು ಇಲ್ಲೊಂದು ಮನೆ ಕೊಂಡಾಗ ಪತ್ರಿಕೆಗಳು ಬಾಯಿ ಬಿಟ್ಟವು. ಇಷ್ಟೆಲ್ಲ ಕೋಟಿ ಸುರಿದರೂ ಬೀದಿಯ ಬಹುಪಾಲು ನೆಲ ಇನ್ನೂ ರಾಜಮನೆತನದ ಹೆಸರಿನ ಕ್ರೌನ್ ಎಸ್ಟೇಟಿನದೇ.