ಕೂತರೆ ಬೆಳಗುವ ಅಣು

ದನಗಳಿಗೆ ತಗಲುವ ಟ್ರಿಪನೊಸೋಮ ರೋಗಕ್ಕೆ ಮದ್ದಾಗಿ 1950ರ ದಶಕದಲ್ಲಿ ಆಫ್ರಿಕದಲ್ಲಿ ಬಳಕೆಗೆ ಬಂದದ್ದು ಎಥಿಡಿಯಂ ಬ್ರೋಮೈಡ್. ಈಗ ಅದರ ಹೆಸರು ಕೊಟ್ಟಿಗೆಗಿಂತ ಪ್ರಯೋಗಶಾಲೆಯಲ್ಲೇ ಹೆಚ್ಚು ಕೇಳಿಬರುತ್ತದೆ. ನೀರಿನಲ್ಲಿ ಮಂಕಾಗಿರುವ ಈ ಬಣ್ಣ ಡಿಎನ್‌ಎ ಸಿಕ್ಕೊಡನೆ, ಅತಿನೇರಳೆ ಬೆಳಕಿನಲ್ಲಿ, ಸುಮಾರು 20 ಪಟ್ಟು ಪ್ರಖರವಾಗಿ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಇದಕ್ಕೆ ಪ್ರತಿದೀಪ್ತಿ ಎಂದು ಹೆಸರು.

ಡಿಎನ್‌ಎ ಒಂದು ತಿರುಚಿದ ಏಣಿ. ಮೆಟ್ಟಿಲಿನಿಂದ ಮೆಟ್ಟಿಲಿಗೆ ಅಂತರ 0.34 ನ್ಯಾನೋಮೀಟರ್. ಚಪ್ಪಟೆ ಅಣುಗಳು ಆ ಸಂದಿಯನ್ನು ಅಗಲಿಸಿ ಒಳಗೆ ತೂರಿಕೊಳ್ಳುತ್ತವೆಂದು 1961ರಲ್ಲಿ ಲಿಯೊನಾರ್ಡ್ ಲರ್ಮನ್ ವಿವರಿಸಿದರು. ಹೊರಗಿದ್ದಾಗ ಎಥಿಡಿಯಂನ ಶಕ್ತಿಯನ್ನು ಸುತ್ತಲಿನ ನೀರು ಕಸಿದುಕೊಳ್ಳುತ್ತದೆ. ಒಳಗೆ ಕೂತ ಮೇಲೆ ಆ ಕಾಟವಿಲ್ಲ. ಆದ್ದರಿಂದಲೇ ಹೊಳಪು.

ಈ ಹೊಳಪಿನಿಂದ ಹೊಸ ಔಷಧವನ್ನು ಪರೀಕ್ಷಿಸುವ ಬಗೆ ಪೆರೇಸಂದ್ರದಲ್ಲಿ ತುಂಬಿದ ಬಸ್ಸು ಹತ್ತುವವರಿಗೆ ಬೇಗ ಅರ್ಥವಾದೀತು. ಸೀಟಿನಲ್ಲಿ ಕೂತವರ ಕೈಯಲ್ಲಿ ಮಾತ್ರ ಟಾರ್ಚ್ ಉರಿಯುತ್ತದೆ ಎನ್ನಿ. ಹೊಸಬರು ಬಂದು ಅವರನ್ನು ಎಬ್ಬಿಸಿದಷ್ಟೂ ಬೆಳಕು ಇಳಿಯುತ್ತದೆ. ಹಾಗೆಯೇ, ಬೆಳಕನ್ನು ಅರ್ಧಕ್ಕಿಳಿಸಲು ಎಷ್ಟು ಔಷಧ ಬೇಕಾಯಿತೆಂದು ನೋಡಿ ಅದರ ಹಿಡಿತ ಎಷ್ಟು ಬಿಗಿ ಎಂದು ಅಂದಾಜಿಸುತ್ತಾರೆ. ಆದರೆ ಹೊಸಬರು ಯಾರನ್ನೂ ಎಬ್ಬಿಸದೆ ಬೆಳಕನ್ನಷ್ಟೇ ನುಂಗಿರಲೂಬಹುದು. ಅದಕ್ಕೇ ಬೇರೆ ಪರೀಕ್ಷೆಯ ಸಾಕ್ಷಿಯೂ ಬೇಕು. ಅಣು ಸಂದಿಯಲ್ಲಿ ತೂರಿದ್ದರೆ ಡಿಎನ್‌ಎ ಉದ್ದವಾಗಿ ದ್ರಾವಣದ ಸ್ನಿಗ್ಧತೆ ಏರುತ್ತದೆ.

ಅದೇ ಬಸ್ಸು ಹೆದ್ದಾರಿ ಹಿಡಿದು ಬೆಂಗಳೂರು ಸೇರುವಲ್ಲಿ, ರಸ್ತೆಗೆ ಸಮೀಪದ ಜಕ್ಕೂರಿನಲ್ಲಿ, ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವಿದೆ. ಅಲ್ಲಿನ ಟಿ. ಗೋವಿಂದರಾಜು ಅವರ ತಂಡ 2015ರಲ್ಲಿ ‘ಕ್ಯೂಸೈ-ಡಿಟಿ’ ಎಂಬ ಅಣುವನ್ನು ವರದಿ ಮಾಡಿತು. ಇದು ಮೆಟ್ಟಿಲ ನಡುವೆ ನುಗ್ಗುವುದಿಲ್ಲ. ಏಣಿಯ ಹೊರಮೈಯಲ್ಲಿರುವ ಕಿರಿದಾದ ತೋಡಿನಲ್ಲಿ, ಅದರಲ್ಲೂ ಎ-ಎ-ಟಿ-ಟಿ ಎಂಬ ಅಕ್ಷರಗಳ ಸಾಲಿರುವಲ್ಲಿ ಹೊಂದಿಕೊಂಡು ಬೆಳಗುತ್ತದೆ. ಹೊಮ್ಮುವುದು ಅವಕೆಂಪಿಗೆ ಹತ್ತಿರದ ಬೆಳಕು. ಹಳೆಯ ಹೋಕ್ಸ್ಟ್ ಬಣ್ಣಗಳನ್ನು ಬೆಳಗಿಸಲು ಅತಿನೇರಳೆ ಬೆಳಕು ಬೇಕು, ಅದು ಜೀವಕೋಶಕ್ಕೇ ಹಾನಿ. ಕೆಂಪಿನಲ್ಲಿ ಆ ಭಯ ಕಡಿಮೆ.

ಎಲ್ಲಿ ಕೂತಿತೆಂಬುದಕ್ಕೆ ಇಷ್ಟು ತಲೆಕೆಡಿಸಿಕೊಳ್ಳುವುದೇಕೆ? ಕ್ಯಾನ್ಸರಿಗೆ ಕೊಡುವ ಡಾಕ್ಸೋರುಬಿಸಿನ್ ಕೂಡ ಮೆಟ್ಟಿಲ ನಡುವೆ ತೂರುವ ಅಣುವೇ. ವಿಚಿತ್ರವೆಂದರೆ ಅದು ಕೂತೊಡನೆ ಮಂಕಾಗುತ್ತದೆ. ರೋಗದ ಕೋಶಗಳನ್ನು ಕೊಲ್ಲುವ ಈ ಮದ್ದು ಹೃದಯಕ್ಕೂ ಪೆಟ್ಟು ಕೊಡಬಲ್ಲದು. ಎಥಿಡಿಯಂ ಮುಟ್ಟುವವರು ಕೈಗವಸು ಹಾಕಿಕೊಳ್ಳುವುದೂ ಅದು ಡಿಎನ್‌ಎಗೆ ಅಂಟುವ ವಸ್ತುವಾದ್ದರಿಂದಲೇ.

ಅಣು ಕೂತಿತೇ, ಎಲ್ಲಿ, ಎಷ್ಟು ಬಿಗಿಯಾಗಿ ಎಂಬುದನ್ನು ಬೆಳಕು ಹೇಳುತ್ತದೆ. ಅದು ಮದ್ದೋ ವಿಷವೋ ಎಂದು ಹೇಳುವುದಿಲ್ಲ. ಆ ತೀರ್ಪಿಗೆ ಜೀವಕೋಶ, ಪ್ರಾಣಿ, ಕೊನೆಗೆ ರೋಗಿಗಳ ಮೇಲಿನ ಪರೀಕ್ಷೆಗಳಾಗಬೇಕು. ಆದರೂ ಕೂರುವ ಜಾಗವೇ ತಪ್ಪಾದ ಅಣುಗಳನ್ನು ಒಂದು ಹನಿ ದ್ರಾವಣದಲ್ಲೇ ಗುರುತಿಸಿ ಕೈಬಿಟ್ಟರೆ, ಮುಂದೆ ರೋಗಿ ಪಡಬೇಕಾದ ಸಂಕಟ ಅಷ್ಟು ಕಡಿಮೆ.