ಅಳತೆಗೋಲು ಮತ್ತು ಭಾಷೆ

ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ನಮ್ಮ ಶಾಲೆಯಲ್ಲಿ ಕಲಿತ ಹಲವರು ಇಂದು ಗಣಕಯಂತ್ರದ ಉದ್ಯೋಗದಲ್ಲಿದ್ದಾರೆ. ಊರಿಗೆ ಬಂದಾಗ ಅವರು ಸಿ, ಜಾವಾ, ಪೈಥಾನ್ ಮೊದಲಾದ ಗಣಕಭಾಷೆಗಳಲ್ಲಿ ಯಾವುದು ಮೇಲೆಂದು ಚರ್ಚಿಸುವುದನ್ನು ಆಸಕ್ತಿಯಿಂದ ಕೇಳಿದ್ದೇನೆ. ತಿಳಿಯದುದನ್ನು ಅವರಿಂದಲೇ ಕೇಳಿ ತಿಳಿದಿದ್ದೇನೆ. ಭಾಷೆಯನ್ನು ಅಂಕಿಗಳಿಂದ ಅಳೆಯಹೊರಟವರು ಮೊದಲು ಅಳತೆಗೋಲನ್ನು ಪರೀಕ್ಷಿಸಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ನೇಕಾರ ಮನೆತನಗಳಿಗೆ ಈ ವಿಚಾರ ಹೊಸದಲ್ಲ. ಹತ್ತಿನೂಲಿನ ನಂಬರೆಂದರೆ ಒಂದು ಪೌಂಡ್ ತೂಕಕ್ಕೆ 840 ಗಜದ ಲಡಿಗಳೆಷ್ಟು ಎಂಬ ಲೆಕ್ಕ. ನಂಬರು ಹೆಚ್ಚಿದಷ್ಟೂ ನೂಲು ಸಣ್ಣ. ರೇಷ್ಮೆಯ ಡೆನಿಯರ್ ಎಂದರೆ 9,000 ಮೀಟರ್ ಎಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ; ಅಲ್ಲಿ ಅಂಕಿ ಹೆಚ್ಚಿದಷ್ಟೂ ಎಳೆ ದಪ್ಪ. ತಿರುಪ್ಪೂರಿನ 40ರ ನೂಲನ್ನೂ ಸಿರುಮುಗೈಯ ರೇಷ್ಮೆಯನ್ನೂ ಬರಿಯ ಅಂಕಿಯಿಂದ ಹೋಲಿಸಿದರೆ ಮಗ್ಗದವರು ನಕ್ಕಾರು.

ಗಣಕಭಾಷೆಗಳ ಸಂಗತಿಯೂ ಹೀಗೆಯೇ. ಬಹುಕಾಲ ಬರೆದ ಸಾಲುಗಳನ್ನು ಎಣಿಸುವುದೇ ಅಳತೆಯಾಗಿತ್ತು. ಐಬಿಎಂ ಸಂಸ್ಥೆಯ ಆಲನ್ ಆಲ್ಬ್ರೆಕ್ಟ್ ಅವರು 1979ರಲ್ಲಿ, ಬಳಸುವವನಿಗೆ ದೊರೆಯುವ ಕೆಲಸವನ್ನು ಎಣಿಸುವ 'ಫಂಕ್ಷನ್ ಪಾಯಿಂಟ್' ಎಂಬ ಮಾನವನ್ನು ಮಂಡಿಸಿದರು. ಕೇಪರ್ಸ್ ಜೋನ್ಸ್ ಅವರ ಪಟ್ಟಿಯಂತೆ, ಅಂಥ ಒಂದು ಪಾಯಿಂಟಿನ ಕೆಲಸಕ್ಕೆ ಯಂತ್ರಕ್ಕೆ ಹತ್ತಿರವಾದ ಅಸೆಂಬ್ಲಿಯಲ್ಲಿ ಸರಾಸರಿ 320 ಸಾಲು, ಸಿ ಭಾಷೆಯಲ್ಲಿ 128 ಸಾಲು ಬೇಕು. ಸಾಲಿನ ಲೆಕ್ಕವನ್ನೇ ಹಿಡಿದರೆ 320 ಸಾಲು ಬರೆದವನು ಶ್ರಮಜೀವಿ, ಅದೇ ಕೆಲಸವನ್ನು 128ರಲ್ಲಿ ಮುಗಿಸಿದವನು ಸೋಮಾರಿ! ಜೋನ್ಸ್ ಅವರು ಎಚ್ಚರಿಸಿದ್ದೂ ಇದನ್ನೇ. ಹಾಗೆಂದು ಸಾಲು ಕಡಿಮೆಯಾದುದೆಲ್ಲ ಸರಳವೂ ಅಲ್ಲ. ಥಾಮಸ್ ಮೆಕೇಬ್ ಅವರು 1976ರಲ್ಲಿ, ಕ್ರಮವಿಧಿಯೊಳಗೆ ದಾರಿ ಕವಲೊಡೆಯುವ ಎಡೆಗಳನ್ನು ಎಣಿಸಿ ಅದರ ತೊಡಕನ್ನು ಅಳೆದರು. ಎಷ್ಟು ದಾರಿಗಳನ್ನು ಪರೀಕ್ಷಿಸಬೇಕೆಂಬುದು ಅದರಿಂದ ತಿಳಿದೀತು. ಓದುವವನಿಗೆ ಅರ್ಥವಾದೀತೆ ಎಂಬುದು ತಿಳಿಯದು.

ಮನೆಮಾತಿನ ವಿಷಯದಲ್ಲಿಯೂ ಇಂಥ ಒಂಟಿ ಕೋಲನ್ನು ಹಿಡಿದವರು ನಮ್ಮಲ್ಲಿದ್ದಾರೆ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಕನ್ನಡದಿಂದ ಎಷ್ಟು ಉದ್ಯೋಗ ದೊರೆತೀತೆಂದು ಕೇಳಿ, ಮಕ್ಕಳ ಕನ್ನಡ ಕಲಿಕೆಯನ್ನೇ ಬಿಡಿಸುತ್ತಾರೆ. ತಮಿಳು ಬೇಕು, ಇಂಗ್ಲಿಷೂ ಬೇಕು, ಅದರಲ್ಲಿ ವಿವಾದವಿಲ್ಲ. ಆದರೆ ಉದ್ಯೋಗದ ಕೋಲು ಉದ್ಯೋಗವನ್ನಷ್ಟೇ ಅಳೆದೀತು. ಅಜ್ಜಿ ಹೇಳಿದ್ದು ಮೊಮ್ಮಗುವಿಗೆ ತಿಳಿಯಿತೆ, ಮನೆಯಲ್ಲಿರುವ ಹಳೆಯ ಕಾಗದಪತ್ರವನ್ನು ನಾಳೆ ಯಾರಾದರೂ ಓದಬಲ್ಲರೆ ಎಂಬುದಕ್ಕೆ ಅದರಲ್ಲಿ ಗುರುತಿಲ್ಲ.

ಆದುದರಿಂದ ಗಣಕ ಬಲ್ಲ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ವಿನಂತಿ. ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬಂದು, ತಾವು ಕಲಿತ ಈ ಲೆಕ್ಕಗಳನ್ನು ಮಕ್ಕಳಿಗೆ ಕನ್ನಡದಲ್ಲಿಯೇ ತಿಳಿಸಿರಿ. ಕನ್ನಡದಿಂದ ಏನಾದೀತೆಂಬ ಪ್ರಶ್ನೆಗೆ ಆ ಒಂದು ಪಾಠ ಸಾಕಷ್ಟು ಉತ್ತರವಾದೀತು. ಶಾಲೆಗೆ ಶುಭವಾಗಲಿ.